ಹದಿನೈದು ದಿನದ ಕಪಾಟು

ನೇಮಿರಾಜಯ್ಯನವರು ಹಲಗೆಗೆ ಗರಗಸ ಇಡುವ ಮೊದಲು, ಯಾರದೋ ಮನೆಯ ಬಾಗಿಲು ತಟ್ಟುವ ಹಾಗೆ, ಅದನ್ನು ಬೆರಳಿನ ಗೆಣ್ಣಿನಿಂದ ಮೂರು ಸಲ ತಟ್ಟುತ್ತಿದ್ದರು. ತಟ್ಟಿ, ಕಿವಿ ಆನಿಸಿ, ಕಾಯುತ್ತಿದ್ದರು. "ಎಲ್ರೂ ಬಂದ್ರಾ?" ಎಂದು ಕೇಳುತ್ತಿದ್ದರು. ಬಿರುಕಿನೊಳಗಿಂದ ಒಂದು ಇರುವೆಯೋ ಜೇಡವೋ ಹೊರಗೆ ಬಂತೆಂದರೆ ಮುಗಿಯಿತು. ಅದು ಹಲಗೆಯ ಉದ್ದಕ್ಕೂ ನಡೆದು, ಮೇಜಿನ ಕಾಲು ಹಿಡಿದು, ನೆಲ ಮುಟ್ಟುವ ತನಕ ಗರಗಸ ಗಾಳಿಯಲ್ಲೇ ಇರುತ್ತಿತ್ತು. ಹಲಗೆಯ ಇನ್ನೊಂದು ತುದಿ ಹಿಡಿದು ನಿಂತವಳು ನಾನು. ಭಾನುವಾರ ಬೆಳಗ್ಗೆ ಎಂಟನೇ ತರಗತಿಯ ಉತ್ತರಪತ್ರಿಕೆಗಳನ್ನು ಮನೆಯಲ್ಲಿ ಬಿಟ್ಟು ಬಂದು, ಒಂದು ಇರುವೆ ಇಳಿಯುವುದನ್ನು ನೋಡುತ್ತಾ ನಿಂತರೆ ಮನುಷ್ಯರಿಗೆ ಏನಾಗಬೇಡ?

ನಾನು ಹೊಸನಗರದ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮದುವೆಯಾಗಲಿಲ್ಲ. ಒಂಬತ್ತು ವರ್ಷದಿಂದ ನೇಮಿರಾಜಯ್ಯನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಅವರು ಪೇಟೆಯಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದವರು. ಹೆಂಡತಿ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ, ಹಿತ್ತಲಿನ ಕೊಟ್ಟಿಗೆಯಲ್ಲಿ ಮರಗೆಲಸಕ್ಕೆ ಕೂತರು. ಈ ವಿದ್ಯೆಯನ್ನು ಎಲ್ಲಿ ಕಲಿತಿರಿ ಎಂದು ಒಮ್ಮೆ ಕೇಳಿದ್ದೆ. ಅಂಗಡಿಗೆ ಕಪಾಟು ಮಾಡಲು ಬಂದ ಆಚಾರಿಯ ಪಕ್ಕದಲ್ಲಿ ಒಂದು ತಿಂಗಳು ಕುಳಿತು ನೋಡಿದ್ದರಂತೆ. ಅಷ್ಟೇ ಅವರ ವಿದ್ಯಾಭ್ಯಾಸ. ಪೇಟೆಯ ಬಡಗಿಗಳು ನಗುತ್ತಿದ್ದರು: "ಅಯ್ನೋರು ಒಂದು ಸ್ಟೂಲು ಮುಗಿಸೋ ಹೊತ್ತಿಗೆ ನಾವು ಎರಡು ಮನೆಗೆ ಮಾಡು ಎತ್ತಿರ್ತೀವಿ." ಬೀದಿಯ ಪ್ರತಿ ಮನೆಯಲ್ಲೂ ಅವರು ಕೊಟ್ಟ ಸ್ಟೂಲು ಇತ್ತು. ಒಂದೂ ಮುರಿಯಲಿಲ್ಲ ನಿಜ, ಆದರೆ ಒಂದನ್ನೂ ಒಬ್ಬರೇ ಎತ್ತಲು ಆಗುತ್ತಿರಲಿಲ್ಲ.

ನನ್ನ ಅಕ್ಕ ಶಾರದೆ ಒಂದು ದೀಪಾವಳಿ ಕಳೆದ ವಾರ ಅರಳಸುರಳಿಯಿಂದ ಬಸ್ಸಿಳಿದು ಬಂದಳು. ಕೈಯಲ್ಲಿ ಜಿಪ್ಪಿನ ನೀಲಿ ಚೀಲ. ಭಾವನಿಗೆ ಮಾತಿಗಿಂತ ಕೈ ಮುಂದು ಎಂಬುದು ನಮಗೆಲ್ಲ ಗೊತ್ತಿದ್ದ ಸಂಗತಿ. ಅದನ್ನು ಇಪ್ಪತ್ತೆರಡು ವರ್ಷ ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ಮಕ್ಕಳಿಲ್ಲ. ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ಅವಳೇ ಕಾಲು ತೊಳೆದುಕೊಂಡು ಬಂದು, "ಸಾಕಾಯ್ತು ಕಣೇ" ಎಂದಳು. ನಾನು ಟೀ ಇಟ್ಟೆ. ನಮ್ಮ ಮನೆತನದಲ್ಲಿ ಮಾತು ಆಡುವುದು ಹೀಗೆಯೇ. ಟೀ ಇಟ್ಟರೆ ಎಲ್ಲ ಹೇಳಿದ ಹಾಗೆ.

ಅವಳು ಬಂದವಳು ಚೀಲ ಬಿಚ್ಚಲಿಲ್ಲ. ಮಂಚದ ಕೆಳಗಿಟ್ಟಳು. ದಿನಾ ಬೆಳಗ್ಗೆ ಅದರಿಂದ ಒಂದು ಸೀರೆ ತೆಗೆಯುವುದು, ಒಗೆದು ಒಣಗಿಸಿದ್ದನ್ನು ಮಡಚಿ ಸಂಜೆ ಅದಕ್ಕೇ ತುರುಕುವುದು, ಜಿಪ್ಪು ಎಳೆಯುವುದು. ಆ ಜಿಪ್ಪಿನ ಸದ್ದಿಗೆ ನಾನು ತಿದ್ದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತುತ್ತಿದ್ದೆ. ತುಂಬಿದ ಚೀಲ ಎಂದರೆ ಹೊರಟವರ ಚೀಲ. ಅವಳ ಮೈದುನ ಒಂದು ದಿನ ಕಾರು ತಂದು, "ಹೊರಡಿ ಅತ್ತಿಗೆ" ಎಂದರೆ ಎತ್ತಿಕೊಂಡು ಹೋಗಿಬಿಡುತ್ತಾಳೆ ಎಂಬ ಹೆದರಿಕೆ ನನಗೆ.

ಇಲ್ಲೇ ಇರು ಎಂದು ಬಾಯಿಬಿಟ್ಟು ಹೇಳಬಹುದಿತ್ತು. ಹೇಳಿದರೆ ಉಪಕಾರ ಮಾಡಿದಂತೆ ಕೇಳಿಸೀತು ಎನ್ನಿಸಿತು. ಎಷ್ಟು ದಿನ ಇರುತ್ತೀ ಎಂದು ಕೇಳಿದರೆ ಯಾವಾಗ ಹೋಗುತ್ತೀ ಎಂದು ಕೇಳಿದಂತಾಗುತ್ತದೆ. ಅದಕ್ಕೇ ನನ್ನ ಲೆಕ್ಕದ ತಲೆ ಒಂದು ದಾರಿ ಹುಡುಕಿತು: ಅವಳಿಗೆಂದೇ ಒಂದು ಕಪಾಟು. ಬಟ್ಟೆ ಜೋಡಿಸಿ, ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಯಿತು, ಮಾತಿನ ಗೊಡವೆಯೇ ಇಲ್ಲ. ಆದರೆ ಅವಳು ಮಲಗುವ ಕೋಣೆ ಹೆಂಚಿನ ಮಾಡಿನ ಇಳಿಜಾರಿನಡಿ ಇತ್ತು. ಒಂದು ಕಡೆ ಆರಡಿ, ಇನ್ನೊಂದು ಕಡೆ ಮೂರೂವರೆ ಅಡಿ ಎತ್ತರ. ಸಾಗರದ ಅಂಗಡಿಗಳಲ್ಲಿ ನೋಡಿದ ಯಾವ ಸ್ಟೀಲ್ ಬೀರುವೂ ಅಲ್ಲಿ ನಿಲ್ಲುವಂತಿರಲಿಲ್ಲ.

ವಿಷಯ ತಿಳಿದು ನೇಮಿರಾಜಯ್ಯನವರು ಮೇಲೆ ಬಂದು ಕೋಣೆ ನೋಡಿದರು. "ಇದೆಂತ ಮಹಾ ಕೆಲಸ ಟೀಚರೇ. ಮೇಲ್ಗಡೆ ಓರೆ, ಎರಡು ಬಾಗಿಲು, ಮೂರು ಹಲಗೆ. ಹದಿನೈದು ದಿನ" ಎಂದರು.

ಹದಿನೈದು ದಿನ! ನಾನು ನಂಬಿದೆ. ಆ ರಾತ್ರಿಯೇ ಗ್ರಾಫ್ ಹಾಳೆಯ ಮೇಲೆ ಮಿಲಿಮೀಟರು ತಪ್ಪದ ಹಾಗೆ ಚಿತ್ರ ಬರೆದುಕೊಟ್ಟೆ. ಅವರು ಅದನ್ನು ಗೌರವದಿಂದ ನೋಡಿ, ಚೆನ್ನಾಗಿದೆ ಎಂದು, ಮರುದಿನ ಅದರ ಮೇಲೆ ಅಂಟು ಕಲಸಿದರು. ಅವರ ಬಳಿ ಟೇಪು ಇರಲಿಲ್ಲ. ಒಂದು ಬಿದಿರಿನ ಕೋಲಿತ್ತು. ಅದನ್ನು ಗೋಡೆಗೆ ಆನಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದು, ಕೋಲನ್ನೇ ತಂದು ಹಲಗೆಯ ಮೇಲಿಡುವುದು. ಎಷ್ಟು ಅಡಿ ಎಂದು ಕೇಳಿದರೆ, "ಇಷ್ಟು" ಎಂದು ಕೋಲು ತೋರಿಸುತ್ತಿದ್ದರು. ನಲವತ್ತು ವರ್ಷ ಬಟ್ಟೆ ಅಳೆದು ಕೊಟ್ಟ ಮನುಷ್ಯ! "ಸಂಖ್ಯೆ ಬಾಯಲ್ಲಿ ಹೇಳಿ, ಕೈಯಲ್ಲಿ ಹೊತ್ತು ತರೋವಾಗ ಎಲ್ಲೋ ಚೆಲ್ತದೆ ಟೀಚರೇ. ಕೋಲಿಗಾದ್ರೆ ಮರೆವಿಲ್ಲ" ಎನ್ನುತ್ತಿದ್ದರು. ಗಣಿತದ ಟೀಚರಿಗೆ ಹೇಳುವ ಮಾತೇ ಅದು?

ಕೆಲಸ ಬೇಗ ಆಗಲಿ ಎಂದು ನಾನೇ ಭಾನುವಾರಗಳಲ್ಲಿ ಕೈ ಹಾಕಿದೆ. ಹಲಸಿನ ಹಲಗೆಗಳಿಗೆ ಕೀಸುಳಿ ಹಿಡಿಯಲು ಕಲಿಸಿದರು. ನಾನು ನಾಲ್ಕು ಸಲ ಎಳೆದರೆ ಅವರು ಬಂದು ಅಂಗೈಯಲ್ಲಿ ಸವರಿ, ಇನ್ನೂ ಸ್ವಲ್ಪ ಎನ್ನುವರು. ಮಧ್ಯೆ ಮಧ್ಯೆ ಮೆತ್ತನೆಯ ಹಳೇ ಪಂಚೆಯ ತುಂಡಿನಿಂದ ಮೇಜು ಒರೆಸಿ, ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡುವರು. ಯಾರಾದರೂ ಎಂದರೆ ಹುಳು ಹುಪ್ಪಟೆ. ಡಿಸೆಂಬರ್ ಹೋಯಿತು, ಜನವರಿ ಹೋಯಿತು. ಸ್ಟಾಫ್ ರೂಮಿನಲ್ಲಿ, "ಮೇಡಂ, ಕಪಾಟು ಆಯ್ತಾ?" ಎನ್ನುವುದು ದಿನದ ನಗೆಯಾಯಿತು.

ಚೌಕಟ್ಟು ಕೂಡಿಸಿದ ಸಂಜೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಾಲ್ಕು ಮೂಲೆಗಳ ಕಚ್ಚುಗಳಿಗೆ ಅಂಟು ಹಚ್ಚಿ, ಮೂರು ಕಡೆ ಕ್ಲ್ಯಾಂಪ್ ಬಿಗಿದಾಗಿತ್ತು. ನಾಲ್ಕನೆಯದನ್ನು ಕೈಗೆತ್ತಿಕೊಂಡವರು ಕಿಟಕಿಯ ಕಡೆ ನೋಡಿದರು, ಅದನ್ನು ಮೇಜಿನ ಮೇಲಿಟ್ಟು ಕೈ ತೊಳೆಯಲು ಹೊರಟರು. ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲು ಅವರ ಊಟ ಆಗಬೇಕು. ಅದು ನನಗೂ ಗೊತ್ತು. ಆದರೆ ಒಂದು ಕ್ಲ್ಯಾಂಪ್!

"ಒಂದೇ ನಿಮಿಷ ಅಯ್ನೋರೇ! ಅಂಟು ಒಣಗ್ತದೆ!"

"ಅನ್ನ ಇಳಿಸಿಟ್ಟು ಬಂದಿದೀನಿ ಟೀಚರೇ. ಊಟ ಮಾಡಿ ಬರ್ತೀನಿ. ಅಲ್ಲಿವರೆಗೆ ನೀವು ಮುಟ್ಬೇಡಿ."

ನಾನು ಮುಟ್ಟಿದೆ. ಇದ್ದ ಬಲವನ್ನೆಲ್ಲ ಹಾಕಿ ತಿರುಪಿದೆ. ಮರುದಿನ ಮೂಲೆಮಟ್ಟ ಇಟ್ಟು ನೋಡಿದರೆ ಚೌಕಟ್ಟು ಒಂದು ಕಡೆಗೆ ವಾಲಿಕೊಂಡಿತ್ತು. ಅವರು ಎರಡು ಸುತ್ತು ಹಾಕಿ ನೋಡಿ, "ಸಿಟ್ಟಲ್ಲಿ ಬಿಗಿದಿದೀರಿ" ಎಂದರು. ಬಿಸಿನೀರಿನ ಬಟ್ಟೆ ಸುತ್ತಿ ಕೀಲುಗಳನ್ನು ಬಿಡಿಸಲು ಕೂತರು. ಒಂದೊಂದೇ ಮೂಲೆ ಬಿಡಿಸಿ, ಕೆರೆದು, ಮತ್ತೆ ಕೂಡಿಸಲು ಆರು ವಾರ ಹಿಡಿಯಿತು. ಅಕ್ಕ ಮಾತ್ರ ಅವರ ಪಕ್ಷ. ಮಧ್ಯಾಹ್ನದ ಹೊತ್ತು ಕೊಟ್ಟಿಗೆಯ ಮೆಟ್ಟಿಲ ಮೇಲೆ ಕುಳಿತು ಅವರ ಕೆಲಸ ನೋಡುತ್ತಿದ್ದಳು. ಆ ಕಪಾಟು ತನಗೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ದಿನವೂ ಅದು ಯಾವಾಗ ಆಗುತ್ತದೆ ಎಂದು ಕೇಳಲಿಲ್ಲ. ಅದೂ ನನಗೆ ಒಂದು ಚಿಂತೆ.

ಮೇ ಕೊನೆಗೆ, ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಚೌಕಟ್ಟು ನೆಟ್ಟಗಾಗಿತ್ತು, ಎರಡು ಬಾಗಿಲುಗಳೂ ಸಿದ್ಧವಾಗಿದ್ದವು. ಒಳಗಿನ ಅಡ್ಡಹಲಗೆಗಳನ್ನು ಕೊನೆಗೆ ಕೂರಿಸುವುದು ಅವರ ಕ್ರಮ. ಇನ್ನೊಂದು ವಾರ ಎಂದುಕೊಂಡಿದ್ದೆ. ಒಂದು ಬೆಳಗ್ಗೆ ಹೋಗಿ ನೋಡಿದರೆ ಎಡಗಡೆ ಬಾಗಿಲಿನ ಕೆಳಗೆ ನೆಲದ ಮೇಲೆ ನುಣ್ಣಗಿನ ಹಳದಿ ಪುಡಿ, ಒಂದು ಚಿಟಿಕೆಯಷ್ಟು. ಬಾಗಿಲಲ್ಲಿ ಗುಂಡುಸೂಜಿ ಗಾತ್ರದ ತೂತುಗಳು. ಕುಟ್ಟೆ ಹುಳ. ಮರದೊಳಗೇ ಇದ್ದು, ಮರವನ್ನೇ ತಿಂದು, ಪುಡಿಯನ್ನು ಹೊರಗೆ ಚೆಲ್ಲುವ ಹುಳ.

"ಔಷಧಿ ಹಾಕಿದ್ರೆ ಆಯ್ತು ಬಿಡಿ" ಎಂದೆ ನಾನು.

ನೇಮಿರಾಜಯ್ಯನವರು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ನಾನು ಅವರದೇ ಮನೆಗೆ ಬೆಂಕಿ ಇಡುತ್ತೇನೆಂದು ಹೇಳಿದ್ದರೂ ಹಾಗೆ ನೋಡುತ್ತಿರಲಿಲ್ಲವೇನೋ. "ಅದು ಮೊದ್ಲಿಂದ ಅಲ್ಲೇ ಇರೋದು ಟೀಚರೇ. ನಾವು ಅದರ ಮನೇನ ಕಡಿದು ತಂದು ಬಾಗಿಲು ಮಾಡ್ಕಂಡಿದೀವಿ. ಅದಕ್ಕೆ ಗೊತ್ತಾ ಇದು ನಿಮ್ಮ ಕಪಾಟು ಅಂತ? ಇರ್ಲಿ. ರೆಕ್ಕೆ ಬಂದ್ಮೇಲೆ ತಾನೇ ಹೊರಗೆ ಬಂದು ಹಾರಿ ಹೋಗ್ತದೆ."

"ಯಾವಾಗ ಹಾರೋದು ಅದು?"

"ಕೆಲವು ಈ ಮಳೆಗೇ ಹೋಗ್ತವೆ. ಕೆಲವು ಒಂದೆರಡು ವರ್ಷ ಇರ್ತವೆ."

ನಾನು ಏನೇನು ಕೂಗಿದೆನೋ ಪೂರ್ತಿ ನೆನಪಿಲ್ಲ. ಹುಳಕ್ಕೆ ಇರುವಷ್ಟು ಬೆಲೆ ಮನುಷ್ಯರಿಗಿಲ್ಲವೇ ಎಂದದ್ದು ನೆನಪಿದೆ. ತಿರುಗಿ ನೋಡಿದರೆ ಅಕ್ಕ ಮೆಟ್ಟಿಲ ಮೇಲೆ ಕುಳಿತು ನಗುತ್ತಿದ್ದಳು. ಅವಳು ಬಂದ ಮೇಲೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಇನ್ನೂ ಸಿಟ್ಟು ಬಂತು.

ಅದೇ ವಾರ ಅಕ್ಕನ ಮೈದುನ ರಘು ಫೋನು ಮಾಡಿದ. ಭಾನುವಾರ ಬರುತ್ತೇನೆ, ಅತ್ತಿಗೆಯನ್ನು ಕರೆದುಕೊಂಡು ಹೋಗುತ್ತೇನೆ ಎಂದ. ಅಕ್ಕ ಹೂಂ ಎಂದು ಫೋನು ಇಟ್ಟಳು. ಚೀಲ ಮಂಚದ ಕೆಳಗೇ ಇತ್ತು. ಉಳಿದದ್ದು ನಾಲ್ಕು ದಿನ. ಗುರುವಾರ ನೇಮಿರಾಜಯ್ಯನವರು ಹುಂಚದ ಬಸದಿಗೆ ಹೋದರು. ನಾನು ಶಾಲೆಗೆ ಅರ್ಧ ದಿನ ರಜೆ ಹಾಕಿ, ಪೇಟೆಯಿಂದ ಗೆದ್ದಲಿನ ಔಷಧಿ ತಂದು, ಪ್ರಿಂಟರಿಗೆ ಇಂಕು ತುಂಬುವ ಸಿರಿಂಜಿನಲ್ಲಿ ಆ ತೂತುಗಳಿಗೆ ಒಂದೊಂದಾಗಿ ತುಂಬಿಸಿದೆ. ಎಣಿಸಿಯೂ ಇದ್ದೆ, ಅಭ್ಯಾಸ ನೋಡಿ. ಹನ್ನೊಂದು.

ಸಂಜೆ ಅವರು ಬಂದರು. ಕೊಟ್ಟಿಗೆಯ ಬಾಗಿಲು ತೆಗೆದಾಗಲೇ ವಾಸನೆ ಗೊತ್ತಾಗಿರಬೇಕು. ನಾನು ಮಹಡಿಯ ಕಿಟಕಿಯಲ್ಲಿ ಜಗಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಕೂಗಲಿಲ್ಲ. ಆ ಬಾಗಿಲನ್ನು ಕಳಚಿ, ಎರಡೂ ಕೈಯಲ್ಲಿ ಹೊತ್ತು ತಂದು ಹೊರಗೆ ಗೋಡೆಗೆ ಒರಗಿಸಿದರು. ಕಾಲು ತೊಳೆದುಕೊಂಡು ಒಳಗೆ ಹೋದರು, ಅಷ್ಟೇ.

ಮರುದಿನ ಮಧ್ಯಾಹ್ನ ಅಕ್ಕ ಬಂದು ಹೇಳಿದಳು. "ಅಯ್ನೋರು ಒಲೆ ಹಚ್ಚಿಲ್ಲ ಕಣೇ. ಕೇಳಿದ್ರೆ ಇವತ್ತು ಉಪವಾಸ ಅಂದ್ರು. ಎಂತಕ್ಕೆ ಅಂದ್ರೆ, ನಮ್ಮ ಕೊಟ್ಟಿಗೇಲಿ ಆಗಿದ್ದಲ್ವಾ, ಅದಕ್ಕೆ ಅಂದ್ರು. ಎಂತ ಮಾಡಿದೆ ನೀನು?"

ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು. ನಾನು ಮಾಡಿದ್ದಕ್ಕೆ ಎಪ್ಪತ್ತಾರು ವರ್ಷದ ಮುದುಕರು ಹೊಟ್ಟೆಗಿಲ್ಲದೆ ಕುಳಿತರೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ನಾಚಿಕೆಯಾಯಿತು, ತುಂಬಾ ನಾಚಿಕೆಯಾಯಿತು. ಜೊತೆಗೇ ಆ ಮನುಷ್ಯನ ಮೇಲೆ ಇನ್ನಷ್ಟು ರೇಗಿತು. ಸಂಜೆ ಕೆಳಗೆ ಹೋಗಿ ತಪ್ಪಾಯಿತು ಎಂದೆ.

"ತಪ್ಪು ನಂದೂ ಉಂಟು. ಮರ ಆರಿಸೋವಾಗ ನೋಡ್ಬೇಕಿತ್ತು" ಎಂದರು. ನನಗೆ ಕೂರಲು ಸ್ಟೂಲು ತೋರಿಸಿದರು. "ಅಕ್ಕ ಹೋಗ್ಬಿಡ್ತಾರೆ ಅಂತ ನಿಮಗೆ ಹೆದರಿಕೆ. ಅದು ನಂಗೆ ಗೊತ್ತು. ಆದ್ರೆ ಟೀಚರೇ, ಇಲ್ಲೇ ಇರು ಅಂತ ನೀವು ಅವರಿಗೆ ಒಂದಿನ ಆದ್ರೂ ಹೇಳಿದೀರಾ?"

"ಹೇಳೋದೆಂತ? ಅದಕ್ಕೇ ಅಲ್ವಾ ಕಪಾಟು ಮಾಡಿಸ್ತಿರೋದು!"

"ಕಪಾಟು ಮಾತಾಡ್ತದಾ?" ಎಂದು ಕೇಳಿದರು. ಹಲಗೆಯ ಜೊತೆ ಮಾತಾಡುವವರು ನನಗೆ ಹೀಗೆ ಕೇಳುವುದೇ? ನಾನು ದಡದಡನೆ ಮೆಟ್ಟಿಲು ಹತ್ತಿ ಬಂದೆ. ಅಕ್ಕನಿಗೆ ಏನೂ ಹೇಳಲಿಲ್ಲ. ಶನಿವಾರವೂ ಹೇಳಲಿಲ್ಲ.

ಭಾನುವಾರ ಊಟದ ಹೊತ್ತು ಕಳೆದ ಮೇಲೆ ರಘು ಬಂದ. ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಅಕ್ಕ ಮಂಚದ ಮೇಲೆ. ನಾನು ಟೀ ತಟ್ಟೆ ಹಿಡಿದು ಬಾಗಿಲಲ್ಲಿ. "ಅಣ್ಣ ಈಗ ಮೊದಲಿನ ಹಾಗಿಲ್ಲ ಅತ್ತಿಗೆ. ಜನರ ಬಾಯಿಗೆ ಎಷ್ಟು ದಿನ ಅಂತ ಉತ್ತರ ಕೊಡೋದು ನಾವು? ಚೀಲ ತಗೊಳ್ಳಿ. ಕತ್ತಲಾಗೋದ್ರೊಳಗೆ ಮುಟ್ಟಬಹುದು" ಎಂದ. ಕೆಟ್ಟವನಲ್ಲ ಅವನು. ಅಕ್ಕ ನೆಲ ನೋಡುತ್ತಿದ್ದಳು. ನಾನು ಟೀ ಲೋಟ ಅವನ ಮುಂದಿಟ್ಟೆ.

ಆಗ ನೇಮಿರಾಜಯ್ಯನವರು ಕೋಲು, ಪೆನ್ಸಿಲು ಹಿಡಿದುಕೊಂಡು ಬಂದರು. ನೆಂಟರಿದ್ದಾರೆ, ಆಮೇಲೆ ಬರೋಣ ಎನ್ನುವ ಮರ್ಯಾದೆಯೂ ಇಲ್ಲ. ರಘುವಿನ ಮುಂದಿನಿಂದಲೇ ದಾಟಿ ಹೋಗಿ, "ಶಾರದಮ್ಮ, ಒಂಚೂರು ಎದ್ದು ನಿಲ್ತೀರಾ? ಮೇಲಿನ ಹಲಗೆ ಎಲ್ಲಿಗೆ ಕೂರಿಸೋದು ಅಂತ ನೋಡ್ಬೇಕು. ಕೈ ಎಲ್ಲಿವರೆಗೆ ಎಟಕ್ತದೆ?" ಎಂದರು.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಈ ಹೊತ್ತಿನಲ್ಲಿ ಅಳತೆ!

ಅಕ್ಕ ಎದ್ದು ನಿಂತಳು. ಬಲಗೈ ಮೇಲೆತ್ತಿದಳು. ಅವರು ಪಕ್ಕದಲ್ಲಿ ಕೋಲು ನಿಲ್ಲಿಸಿ, ಅವಳ ಬೆರಳ ತುದಿ ಮುಟ್ಟಿದಲ್ಲಿ ಗೆರೆ ಎಳೆದರು. ಅವಳು ಆ ಗೆರೆಯನ್ನು ನೋಡಿದಳು.

"ಇನ್ನೊಂದು ಗೇಣು ಕೆಳಗೆ ಹಾಕಿ ಅಯ್ನೋರೇ" ಎಂದಳು. "ಮುದುಕಿ ಆದ್ಮೇಲೆ ಕೈ ಇಷ್ಟು ಮೇಲೆ ಹೋಗಲ್ಲ."

ನೇಮಿರಾಜಯ್ಯನವರು ಒಂದು ಗೇಣು ಕೆಳಗೆ ಗೆರೆ ಎಳೆದು, ಮೊದಲಿನದನ್ನು ಹೆಬ್ಬೆರಳಿನಲ್ಲಿ ಒರೆಸಿ, ಕೋಲು ಎತ್ತಿಕೊಂಡು ಇಳಿದು ಹೋದರು. ರಘು ನನ್ನನ್ನೂ ಅಕ್ಕನನ್ನೂ ನೋಡಿ, "ಹಂಗಾದ್ರೆ?" ಎಂದ. "ಟೀ ಕುಡಿ ರಘು, ಆರಿ ಹೋಗ್ತದೆ" ಎಂದಳು ಅಕ್ಕ. ಅವನು ಕುಡಿದು, ಒಬ್ಬನೇ ಹೋದ. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಬೇಕೆಂದೇ ಬಂದಿರಾ ಎಂದು ಆಮೇಲೆ ನೇಮಿರಾಜಯ್ಯನವರನ್ನು ಎಷ್ಟೋ ಸಲ ಕೇಳಿದೆ. "ಅಳತೆ ಬೇಕಿತ್ತು, ಬಂದೆ" ಎನ್ನುತ್ತಿದ್ದರು, ಅದೇ ಮಾತು. ಅದು ನಿಜವೇ ಇರಬಹುದು. ಆ ಮನುಷ್ಯನ ವಿಷಯದಲ್ಲಿ ಏನನ್ನೂ ಖಚಿತವಾಗಿ ಹೇಳಲು ಬರುವುದಿಲ್ಲ.

ಎಡಗಡೆ ಬಾಗಿಲಿಲ್ಲದ ಕಪಾಟನ್ನು ಆರು ಜನ ಸೇರಿ ಮೇಲೆ ತಂದರು. ಇಳಿಜಾರಿಗೆ ಒಂದು ಕೂದಲು ಸಂದಿಲ್ಲದ ಹಾಗೆ ಕೂತಿತು. ನಾನು ಟೇಪು ತಂದು ಅಳೆದು ನೋಡಿದೆ, ತಪ್ಪು ಸಿಗಲಿಲ್ಲ. ಆ ಮಂಗಳವಾರ ಶಾಲೆಯಿಂದ ಬಂದಾಗ ಅಕ್ಕನ ಸೀರೆಗಳು ಹಲಗೆಗಳ ಮೇಲೆ ಸಾಲಾಗಿದ್ದವು. ಚೀಲದೊಳಗೆ ಹಳೇ ಪೇಪರು ತುಂಬಿ ಅಟ್ಟಕ್ಕೆ ಹಾಕಿದ್ದಳು. ಬಾಗಿಲು? ಮಳೆಗಾಲದ ನಾಲ್ಕು ತಿಂಗಳು ಹುಳುಗಳು ಜಾಸ್ತಿ ಎಂದು ಅವರು ಗರಗಸ ಮುಟ್ಟುವುದಿಲ್ಲವಂತೆ. ಅದನ್ನು ಮೊದಲೇ ಹೇಳಬಾರದಿತ್ತೇ? ಕೊನೆಗೆ ತಮ್ಮ ಅಂಗಡಿಯ ಹಳೇ ಕಪಾಟಿನ ಹಲಗೆ ಬಿಚ್ಚಿ ಬಾಗಿಲು ಮಾಡಿಕೊಟ್ಟರು. "ಇದ್ರಲ್ಲಿ ಯಾರೂ ಇಲ್ಲ, ಚೆನ್ನಾಗಿ ನೋಡಿದೀನಿ" ಎಂದರು. ಅವರ ಹದಿನೈದು ದಿನ ಮುಗಿಯುವ ಹೊತ್ತಿಗೆ ಇನ್ನೊಂದು ದೀಪಾವಳಿ ಬಂದಿತ್ತು.

ಅದಾಗಿ ಎರಡು ವರ್ಷಕ್ಕೆ ನೇಮಿರಾಜಯ್ಯನವರು ಬಚ್ಚಲಲ್ಲಿ ಜಾರಿ ಬಿದ್ದರು. ಮಗಳು ಮೂಡಬಿದಿರೆಯಿಂದ ಬಂದು ಕರೆದುಕೊಂಡು ಹೊರಟಳು. ಕಾರಿನಲ್ಲಿ ದಿಂಬು ಒರಗಿಸಿ ಕೂರಿಸಿದ ಮೇಲೆ ನನ್ನನ್ನು ಹತ್ತಿರ ಕರೆದರು. "ಮಳೆಗಾಲಕ್ಕೆ ಎಡಗಡೆ ಬಾಗಿಲು ಹಿಡೀತದೆ. ಕೀಸೋಕೆ ಹೋಗ್ಬೇಡಿ. ಬಿಸಿಲು ಬಂದ್ರೆ ತಾನೇ ಸರಿ ಆಗ್ತದೆ." ನಾನು ಆಗಲಿ ಎಂದೆ. "ಅಕ್ಕಂಗೆ ಹೇಳಿದ್ರಾ?" ಎಂದು ಕೇಳಿದರು.

"ಅವಳೇ ಹೇಳಿದಳಲ್ಲ ಅಯ್ನೋರೇ, ಅವತ್ತೇ."

"ಅವರು ಹೇಳಿದ್ದು ನಂಗೆ. ನೀವು ಹೇಳಿದ್ರಾ ಅಂತ ಕೇಳಿದ್ದು."

ಕಾರು ಹೊರಟಿತು. ಹೋಗುವಾಗಲಾದರೂ ಒಂದು ಒಳ್ಳೆಯ ಮಾತು ಆಡಿ ಹೋಗಬಾರದಿತ್ತೇ ಎಂದು ಗೊಣಗಿಕೊಂಡು ಮೇಲೆ ಬಂದೆ. ಮೂರು ತಿಂಗಳಿಗೆ, ಮಾತಾಡುತ್ತ ಮಾತಾಡುತ್ತಲೇ ಹೋದರು ಎಂದು ಮಗಳು ಫೋನು ಮಾಡಿದಳು.

ಈಗ ಆ ಮನೆ ಮಾರಾಟವಾಗಿದೆ. ಕೊಂಡವರು ಕೆಡವಿ ಅಂಗಡಿ ಸಾಲು ಕಟ್ಟಿಸುತ್ತಾರಂತೆ. ನಾವು ಬೇರೆ ಮನೆ ನೋಡಬೇಕು. ಅಕ್ಕ ಒಂದೇ ಹಟ ಹಿಡಿದಿದ್ದಾಳೆ: ಕಪಾಟು ಹಿಡಿಸುವ ಮನೆಯೇ ಆಗಬೇಕು. ಒಂದು ಕಡೆ ಆರಡಿ, ಇನ್ನೊಂದು ಕಡೆ ಮೂರೂವರೆ ಅಡಿಯ ಗೋಡೆ ಈಗಿನ ಆರ್‌ಸಿಸಿ ಮನೆಗಳಲ್ಲಿ ಎಲ್ಲಿಂದ ತರುವುದು? ಓರೆ ಕಪಾಟು ನೆಟ್ಟಗಿನ ಗೋಡೆಗೂ ನಿಲ್ಲುತ್ತದೆ ಮಾರಾಯ್ತಿ ಎಂದರೆ, ಮೇಲೆ ಜಾಗ ಖಾಲಿ ಬಿದ್ದು ಧೂಳು ಕೂರುತ್ತದೆ ಎನ್ನುತ್ತಾಳೆ. ಆರು ಮನೆ ನೋಡಿಯಾಯಿತು. ಹೊಸನಗರದಲ್ಲಿ ಕಪಾಟಿಗೆ ಮನೆ ಹುಡುಕುವವರು ನಾವಿಬ್ಬರೇ ಇರಬೇಕು.

ಮೊನ್ನೆ ಏಳನೆಯದನ್ನು ನೋಡಲು ಹೋಗಿದ್ದೆವು. ಹಳೆಯ ಹೆಂಚಿನ ಮನೆ. ಅಟ್ಟದ ಕೋಣೆಯ ಇಳಿಜಾರಿಗೆ ನಾನೂ ಅಕ್ಕನೂ ಟೇಪಿನ ಒಂದೊಂದು ತುದಿ ಹಿಡಿದು ನಿಂತಿದ್ದೆವು. ಮನೆಯ ಯಜಮಾನಿ ಬಾಗಿಲಲ್ಲಿ ನಿಂತು ವಿಚಾರಿಸುತ್ತಿದ್ದರು. ಯಾವ ಶಾಲೆ, ಎಷ್ಟು ವರ್ಷ ಸರ್ವಿಸ್, ಎಲ್ಲ ಆದ ಮೇಲೆ ಅಕ್ಕನ ಕಡೆ ನೋಡಿ, "ಇವರು ಹೀಗೇ ಬಂದು ಹೋಗೋರಾ?" ಎಂದರು.

"ಅಲ್ಲ" ಎಂದೆ ನಾನು. ನನ್ನ ದನಿ ತರಗತಿಯಲ್ಲಿ ಏರಿದಷ್ಟು ಏರಿತ್ತು. "ಇವಳು ನನ್ನ ಅಕ್ಕ. ನನ್ನ ಜೊತೆಗೇ ಇರೋದು. ಇವಳು ಇಲ್ಲದಿದ್ರೆ ನಂಗೆ ಆಗಲ್ಲ."

ಯಜಮಾನಿ ಸರಿ ಎಂದರು. ಅಕ್ಕ ಈ ಕಡೆ ತಿರುಗಲಿಲ್ಲ. ಟೇಪಿನ ಅವಳ ತುದಿ ಒಮ್ಮೆ ಅಲುಗಿತು. "ಸರಿಯಾಗಿ ಹಿಡ್ಕೊಳೇ, ಅಳತೆ ತಪ್ತದೆ" ಎಂದಳು, ಮೂಗು ಕಟ್ಟಿದ ದನಿಯಲ್ಲಿ.

ಸಂಜೆ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಸೀದಾ ಹಿತ್ತಲಿಗೆ ಹೋದೆ. ಹೇಳಿದೆ ಅಯ್ನೋರೇ, ಇವತ್ತು ಹೇಳಿದೆ ಎಂದು ಅವರ ಮುಖಕ್ಕೆ ಹೇಳಿಬಿಡಬೇಕಿತ್ತು. ಕೊಟ್ಟಿಗೆಗೆ ಬೀಗ ಹಾಕಿತ್ತು.